ನಿಂತ ಪಂಪಿನ ಮೇಲಿನ ಬಿಲ್ಲೆ

ಆಲೂಗಡ್ಡೆ ಸುಲಿಯುತ್ತಿದ್ದ ರೋಸ್ವಿಟಾಗೆ ಮನೆ ಸುಮ್ಮನಾಗಿದೆ ಎನ್ನುವುದು ತಟ್ಟನೆ ಕಿವಿಗೆ ಬಂತು. ಬೇರೆಯವರ ಮನೆಯಲ್ಲಿ ಮೌನವೆಂದರೆ ನೆಮ್ಮದಿ. ಈ ಮನೆಯಲ್ಲಿ ಮೌನವೆಂದರೆ ಎಲ್ಲೋ ಏನೋ ಸಾಯುತ್ತಿದೆ ಎಂದು ಅರ್ಥ. ಅವಳು ಚಾಕು ಕೆಳಗಿಟ್ಟು, ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಹಜಾರಕ್ಕೆ ಓಡಿದಳು.

ಹಜಾರದ ಒಂದು ಗೋಡೆಯುದ್ದಕ್ಕೂ ಅವಳ ಗಂಡ ಲೋಟಾರ್ ಕಟ್ಟಿಕೊಂಡ ಸಮುದ್ರವಿತ್ತು. ಗಾಜಿನ ದೊಡ್ಡ ತೊಟ್ಟಿ, ಅದರೊಳಗೆ ಉಪ್ಪುನೀರು, ನೀರಿನಲ್ಲಿ ಬಂಡೆ, ಬಂಡೆಯ ಮೇಲೆ ನೇರಳೆ, ಹಸಿರು, ಕಿತ್ತಳೆ ಬಣ್ಣದ ಜೀವಂತ ಹವಳ. ಪಂಪು ತಿರುಗುತ್ತಿದ್ದರೆ ಹವಳದ ಬೆರಳುಗಳು ತೂಗಾಡುತ್ತವೆ. ಈಗ ಅವು ಜೋತುಬಿದ್ದಿದ್ದವು. ಹಳದಿ ಮೀನು ನೀರಿನ ಮೇಲ್ಮೈಗೆ ಬಾಯಿ ಒಡ್ಡಿ ನಿಂತಿತ್ತು. ರೋಸ್ವಿಟಾ ತೊಟ್ಟಿಯ ಕೆಳಗಿನ ಬೀರುವಿನ ಬಾಗಿಲು ತೆರೆದು ಹಸಿರು ಗುಂಡಿ ಒತ್ತಿದಳು. ಗುಂಯ್ ಎಂದು ಸದ್ದು ಎದ್ದಿತು. ಅವಳು ಹವಳ ತೂಗಾಡುವುದನ್ನು ನೋಡುತ್ತ ನಿಂತು, ಆಮೇಲೆ ಆಲೂಗಡ್ಡೆಗೆ ಹಿಂದಿರುಗಿದಳು. ಲೋಟಾರ್ ತೋಟದಿಂದ ಬಂದಾಗ ಅವಳು ಪಂಪಿನ ಸುದ್ದಿ ಎತ್ತಲಿಲ್ಲ.

ಇಂಥ ತೊಟ್ಟಿ ಇಟ್ಟವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು ಇದು. ಮೀನಿಗೆ ಆಹಾರ ಹಾಕುವಾಗ ಪಂಪು ನಿಲ್ಲಿಸಬೇಕು, ಇಲ್ಲದಿದ್ದರೆ ಸಿಗಡಿಯೆಲ್ಲ ಬಾಯಿಗೆ ಸಿಗದೆ ಕೊಚ್ಚಿಹೋಗುತ್ತದೆ. ಮೀನು ತಿಂದಾದ ಮೇಲೆ ಪಂಪನ್ನು ಮತ್ತೆ ಹಾಕಬೇಕು. ಅಷ್ಟರಲ್ಲಿ ಫೋನು ಬರುತ್ತದೆ, ಬಾಗಿಲು ಬಡಿಯುತ್ತದೆ, ಮರೆತುಹೋಗುತ್ತದೆ. ಹೆರ್ನೆ ಊರಿನ ಅಕ್ವೇರಿಯಂ ಸಂಘದಲ್ಲಿ ಈ ತಪ್ಪು ಮಾಡದವರೇ ಇರಲಿಲ್ಲ. ಬಿಯರ್ ಮುಂದಿಟ್ಟುಕೊಂಡು ಅದನ್ನೇ ಹೇಳಿಕೊಂಡು ನಗುವರು. ಲೋಟಾರ್ ಒಬ್ಬನೇ ಮಾಡಿರಲಿಲ್ಲ. ಅವನಿಗೆ ಅದರ ಜಂಬ ಬೇರೆ.

ಜಂಬಕ್ಕೆ ಕಾರಣವೂ ಇತ್ತು. ಲೋಟಾರ್ ಕಲ್ಲಿದ್ದಲು ಗಣಿಯಲ್ಲಿ ಪಂಪಿನವನು. ನೂರೈವತ್ತು ವರ್ಷ ಅಗೆದು ಅಗೆದು ಆ ಸೀಮೆಯ ನೆಲವೇ ಕುಸಿದು ತಟ್ಟೆಯಂತಾಗಿದೆ. ಕೆಳಗಿನ ನೀರನ್ನು ಎತ್ತಿ ಹೊರಗೆ ಹಾಕದಿದ್ದರೆ ಊರೂರೇ ಕೆರೆ. ಗಣಿಗಳೆಲ್ಲ ಮುಚ್ಚಿದರೂ ಪಂಪು ಮಾತ್ರ ನಿಲ್ಲಿಸುವಂತಿಲ್ಲ, ಇವತ್ತಿಗೂ ಇಲ್ಲ, ಎಂದಿಗೂ ಇಲ್ಲ. ಆ ಕೆಲಸಕ್ಕೆ ಅಲ್ಲಿನವರು ಇಟ್ಟಿರುವ ಹೆಸರೇ ಅನಂತಕಾಲದ ಕೆಲಸ. ಲೋಟಾರ್ ಅದನ್ನು ಹೇಳುವಾಗ ಎದೆ ಒಂದಿಷ್ಟು ಮುಂದೆ ಬರುತ್ತಿತ್ತು. ಉಳಿದವರು ಕಲ್ಲಿದ್ದಲು ತೆಗೆದರು, ಮುಗಿಯಿತು. ನಾವು ಊರನ್ನು ಒಣಗಿಸಿ ಇಟ್ಟಿದ್ದೇವೆ, ಅದು ಮುಗಿಯುವುದಿಲ್ಲ ಎನ್ನುವನು.

ಆ ಪಂಪಿನ ಕೋಣೆಯಲ್ಲಿ ಒಂದು ಕಟ್ಟುನಿಟ್ಟು ಇತ್ತಂತೆ. ಪ್ರತಿಯೊಬ್ಬನಿಗೂ ಸಂಖ್ಯೆ ಕೊರೆದ ಒಂದು ಹಿತ್ತಾಳೆ ಬಿಲ್ಲೆ. ರಿಪೇರಿಗೆಂದು ಪಂಪು ನಿಲ್ಲಿಸಿದವನು ತನ್ನ ಬಿಲ್ಲೆಯನ್ನು ಆ ಸ್ವಿಚ್ಚಿಗೆ ನೇತುಹಾಕಬೇಕು. ಅದು ನೇತಾಡುತ್ತಿರುವ ತನಕ ಇನ್ನೊಬ್ಬ ಆ ಪಂಪನ್ನು ಹಾಕುವ ಹಾಗಿಲ್ಲ, ಮೇಲಧಿಕಾರಿ ಬಂದರೂ ಇಲ್ಲ. ಬಿಲ್ಲೆ ಹಾಕಿದವನೇ ತೆಗೆಯಬೇಕು, ತೆಗೆದು ಮೇಲೆ ಬಂದು ಗಣಿಯ ಬಾಯಲ್ಲಿರುವ ಫಲಕದ ಕೊಕ್ಕೆಗೆ ಸಿಕ್ಕಿಸಬೇಕು. ಪಾಳಿ ಮುಗಿದಾಗ ಒಂದು ಕೊಕ್ಕೆ ಖಾಲಿ ಕಂಡರೆ ಒಬ್ಬ ಕೆಳಗೇ ಉಳಿದಿದ್ದಾನೆ ಎಂದು ಲೆಕ್ಕ, ಹುಡುಕಲು ಜನ ಇಳಿಯುವರು. ಗಣಿ ಮುಚ್ಚಿದ ದಿನ ಲೋಟಾರ್ ಬಿಲ್ಲೆಯನ್ನು ಹಿಂದಿರುಗಿಸದೆ ಜೇಬಿಗೆ ಹಾಕಿಕೊಂಡು ಬಂದಿದ್ದ. ಅದು ತೊಟ್ಟಿಯ ಬೀರುವಿನೊಳಗೆ, ಹಸಿರು ಗುಂಡಿಯ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಮೊದಮೊದಲು ಮೀನಿಗೆ ಆಹಾರ ಹಾಕುವಾಗಲೆಲ್ಲ ತಮಾಷೆಗೆ ಅದನ್ನು ಸ್ವಿಚ್ಚಿಗೆ ಹಾಕುತ್ತಿದ್ದ. ಆಮೇಲೆ ಆ ಆಟ ಬಿಟ್ಟುಹೋಗಿತ್ತು.

ಇಂಥವನು ಹೋದ ಅಕ್ಟೋಬರಿನಿಂದ ಪಂಪು ಮರೆಯುತ್ತಿದ್ದ. ಮೊದಲ ಸಲ ರೋಸ್ವಿಟಾ ಒಳಗೊಳಗೇ ನಕ್ಕಿದ್ದಳು. ಎರಡನೆಯ ಸಲ ನಗಲಿಲ್ಲ. ಚಳಿಗಾಲ ಬರುವಷ್ಟರಲ್ಲಿ ಅವಳ ಕಿವಿ ಇಡೀ ದಿನ ಆ ಗುಂಯ್ ಸದ್ದಿನ ಮೇಲೇ ಇರುತ್ತಿತ್ತು. ಮೂವತ್ತು ವರ್ಷ ಆ ತೊಟ್ಟಿಯನ್ನು ‘ನನ್ನ ಸವತಿ’ ಎಂದು ಕರೆದವಳು, ಇಬ್ಬರ ರಜೆಯನ್ನೂ ಅರ್ಧ ಸಂಬಳವನ್ನೂ ನುಂಗಿದಳು ಎಂದು ಊರ ತುಂಬ ಹೇಳಿದವಳು, ಈಗ ಆ ಸವತಿಯ ಉಸಿರು ಕಾಯುತ್ತ ಕೂರಬೇಕಾಯಿತು. ಮರೆವು ಪಂಪಿಗಷ್ಟೇ ನಿಂತಿರಲಿಲ್ಲ. ಪಕ್ಕದ ಮನೆಯವರ ಹೆಸರಿಗೆ ಅವನು ತಡಕಾಡುವುದನ್ನು, ಒಂದೇ ಪ್ರಶ್ನೆಯನ್ನು ಊಟಕ್ಕೆ ಮೊದಲೊಮ್ಮೆ ಊಟದ ನಂತರ ಒಮ್ಮೆ ಕೇಳುವುದನ್ನು ಅವಳು ಕಂಡಿದ್ದಳು. ಡಾಕ್ಟರ ಹತ್ತಿರ ಹೋಗಿಬರೋಣವೇ ಎಂದು ಒಮ್ಮೆ ಬಾಯಿಬಿಟ್ಟಿದ್ದಳು. ತನಗಿಂತ ಡಾಕ್ಟರಿಗೇ ವಯಸ್ಸಾಗಿದೆ, ಅವನನ್ನು ಯಾರಿಗೆ ತೋರಿಸೋಣ ಎಂದು ಲೋಟಾರ್ ನಕ್ಕು ಮಾತು ತೇಲಿಸಿದ.

ಅವಳಿಗೆ ಮತ್ತೆ ಕೇಳುವ ಧೈರ್ಯ ಬರಲಿಲ್ಲ. ಇದನ್ನು ಹೇಡಿತನ ಎನ್ನದೆ ಬೇರೇನೂ ಅನ್ನಲಾಗದು, ಅವಳೂ ತನಗೆ ತಾನೇ ಅದೇ ಹೆಸರು ಕೊಟ್ಟುಕೊಂಡಿದ್ದಳು. ಆದರೆ ಅವಳ ಲೆಕ್ಕಾಚಾರವೇ ಬೇರೆ. ತೊಟ್ಟಿ ಹೋದರೆ ಪಂಪು ಹೋಗುತ್ತದೆ. ಪಂಪು ಹೋದರೆ ಮರೆಯಲು ಏನೂ ಇರುವುದಿಲ್ಲ. ತನಗೆ ಏನಾಗುತ್ತಿದೆ ಎಂದು ಅವನಿಗೆ ಗೊತ್ತಾಗದೆ ಇನ್ನೊಂದಿಷ್ಟು ಕಾಲ ಕಳೆಯುತ್ತದೆ. ಅವನಾಗಿಯೇ ಅದನ್ನು ಬಿಡುವಂತೆ ಮಾಡಬೇಕು. ಅದಕ್ಕೆ ಅವಳ ಕೈಗೆ ಸಿಕ್ಕ ದೊಣ್ಣೆ ಕರೆಂಟು ಬಿಲ್ಲು.

ಪೂರ್ವದ ಕಡೆ ಯುದ್ಧ ಶುರುವಾಗಿ ಗ್ಯಾಸು ಬರುವುದು ನಿಂತ ಮೇಲೆ ಕರೆಂಟಿನ ಬೆಲೆ ಹೇಗೆ ಏರಿತ್ತೆಂದರೆ ಆ ಬೀದಿಯಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಿದ್ದರು. ತೊಟ್ಟಿಯ ದೀಪ, ಪಂಪು, ನೀರು ಬೆಚ್ಚಗಿಡುವ ಯಂತ್ರ, ನೊರೆ ತೆಗೆಯುವ ಯಂತ್ರ, ಎಲ್ಲ ಹಗಲೂ ರಾತ್ರಿ ಓಡಬೇಕು. ವರ್ಷದ ಬಿಲ್ಲು ಬಂದ ದಿನ ಅವಳು ಅದನ್ನು ಅವನ ಕಾಫಿ ಲೋಟಕ್ಕೆ ಒರಗಿಸಿ ಇಟ್ಟಳು.

"ನಾವು ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ಕೂತಿದೀವಿ, ನಿನ್ನ ಮೀನು ಬೆಚ್ಚಗಿದಾವೆ," ಎಂದಳು. "ಸಾಕು ಲೋಟಾರ್. ಕೊಟ್ಬಿಡು ಯಾರಿಗಾದ್ರೂ."

ಅವನು ಬಿಲ್ಲನ್ನು ಓದಿದ, ಕನ್ನಡಕ ತೆಗೆದ, ಒರೆಸಿದ. ಬೈಯುತ್ತಾನೆ ಎಂದುಕೊಂಡಿದ್ದಳು. ಬೈಯಲಿಲ್ಲ. ಹವಳದ ದೀಪವನ್ನು ಒಂದಿಷ್ಟು ಕಡಿಮೆ ಹೊತ್ತು ಉರಿಸುತ್ತೇನೆ, ಕಾರು ಮಾರಿಬಿಡೋಣ, ಟ್ರಾಮಿನಲ್ಲಿ ಓಡಾಡೋಣ ಎಂದ. ಅಷ್ಟು ಸಾಲದಿದ್ದರೆ ಫುಟ್‌ಬಾಲ್ ಸ್ಟೇಡಿಯಮ್ಮಿನ ವರ್ಷದ ಟಿಕೆಟು ಬಿಡುತ್ತೇನೆ ಎಂದ. ಆ ಕುರ್ಚಿ ಅವನಿಗೆ ಅಪ್ಪನಿಂದ ಬಂದದ್ದು. ಮದುವೆಯ ವರ್ಷ ಮಧುಚಂದ್ರದ ದಿನಾಂಕವನ್ನೇ ಪಂದ್ಯ ನೋಡಿಕೊಂಡು ಗೊತ್ತುಮಾಡಿದ್ದ ಮನುಷ್ಯ ಅವನು. ಮೋಸದ ಜಗಳದಲ್ಲಿ ಗೆಲ್ಲುತ್ತಿರುವವಳ ಹಾಗೆ ರೋಸ್ವಿಟಾಗೆ ನಾಚಿಕೆಯಾಯಿತು. ಆದರೂ ಅವಳು ಬಿಡಲಿಲ್ಲ. ಇಡೀ ಫೆಬ್ರವರಿ ಬಿಲ್ಲಿನ ಮಾತು ಎತ್ತುತ್ತಲೇ ಇದ್ದಳು, ಕಂಡಕಂಡ ಸ್ವಿಚ್ಚು ಆರಿಸುತ್ತ ಗೊಣಗುತ್ತಲೇ ಇದ್ದಳು. ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತಿದ್ದೇನೆ ಎಂದು ಆಗ ಹೊಳೆಯಲಿಲ್ಲ.

ಮಾರ್ಚಿನಲ್ಲಿ ಮ್ಯೂನ್‌ಸ್ಟರಿನಲ್ಲಿದ್ದ ಅವಳ ಅಕ್ಕ ಸೊಂಟದ ಆಪರೇಷನ್ ಮಾಡಿಸಿಕೊಂಡಳು. ರೋಸ್ವಿಟಾ ಒಂದು ಬೆಳಿಗ್ಗೆ ರೈಲು ಹತ್ತಿ ಹೋಗಿ, ಅಲ್ಲೇ ಉಳಿದು, ಮಾರನೆಯ ಮಧ್ಯಾಹ್ನ ಬಂದಳು. ಹೊರಡುವಾಗ ಲೋಟಾರ್ ತೊಟ್ಟಿಯ ಮುಂದೆ ಮೀನಿಗೆಂದು ಹೆಪ್ಪುಗಟ್ಟಿದ ಸಿಗಡಿ ಕರಗಿಸುತ್ತಿದ್ದ. ಪಂಪು ಹಾಕಲು ಮರೆಯಬೇಡ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಸೊಪ್ಪಿನ ಸೂಪು ಫ್ರಿಜ್ಜಿನಲ್ಲಿದೆ ಎಂದಷ್ಟೇ ಹೇಳಿ ಹೋದಳು.

ಬಂದು ಬೀಗ ತೆಗೆದಾಗ ಸದ್ದಿರಲಿಲ್ಲ. ಕೊಳೆತ ಮೀನಿನ ವಾಸನೆ ಬಾಗಿಲಿಗೇ ಬಂದು ಹೊಡೆಯಿತು. ತೊಟ್ಟಿಯ ನೀರು ಹಾಲು ಕಲಸಿದಂತಾಗಿತ್ತು. ಹವಳದ ಮಾಂಸ ಬಿಟ್ಟುಕೊಂಡು ಬಿಳಿಯ ಎಲುಬು ಕಾಣುತ್ತಿತ್ತು. ಲೋಟಾರ್ ನೆಲದ ಮೇಲೆ ಕುಳಿತಿದ್ದ, ಮುಂದೆ ಅಡುಗೆಮನೆಯ ಬಟ್ಟೆಯ ಮೇಲೆ ಹಳದಿ ಮೀನು. ಗಣಿಯಲ್ಲಿ ಜೊತೆಯವರನ್ನು ಕರೆಯುತ್ತಿದ್ದ ಹಾಗೆ ಅದನ್ನು ಅವನು ‘ಕುಂಪೆಲ್’ ಎಂದು ಕರೆಯುತ್ತಿದ್ದ. ಅವರ ಮನೆಯಲ್ಲಿ ಹತ್ತೊಂಬತ್ತು ವರ್ಷ ಬದುಕಿದ ಮೀನು, ಅವನ ಬೆರಳಿನಿಂದಲೇ ತಿನ್ನುತ್ತಿದ್ದ ಮೀನು.

ರೋಸ್ವಿಟಾ ಹೆದರಿದ್ದು ಮೀನಿಗಾಗಿ ಅಲ್ಲ. ನಿನ್ನೆ ಬೆಳಿಗ್ಗೆಯಿಂದ ಈತ ಈ ಮೌನದ ಪಕ್ಕದಲ್ಲೇ ಕುಳಿತು ಪೇಪರು ಓದಿದ್ದಾನೆ, ಸೂಪು ಕುಡಿದಿದ್ದಾನೆ, ಮಲಗಿ ಎದ್ದಿದ್ದಾನೆ. ಪಂಪಿನ ಸದ್ದು ಒಂದೆಳೆ ಬದಲಾದರೂ ನಿದ್ದೆಯಿಂದ ಎದ್ದು ಕೂರುತ್ತಿದ್ದ ಮನುಷ್ಯನಿಗೆ ಸದ್ದೇ ಇಲ್ಲ ಎನ್ನುವುದು ಕೇಳಿಸಿಲ್ಲ.

ಲೋಟಾರ್ ತಲೆ ಎತ್ತಿದ. "ನೀನು ಆರಿಸಿ ಹೋದೆ," ಎಂದ.

ಅವಳಿಗೆ ಅರ್ಥವಾಗಲಿಲ್ಲ.

"ಹೊರಡೋವಾಗ ಆರಿಸಿ ಹೋಗಿದ್ದೀಯ. ಕರೆಂಟ್ ಉಳಿಸೋಕೆ. ಇಷ್ಟು ದಿನ ಅದೇ ತಾನೇ ನಿನ್ನ ಪುರಾಣ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕೇಳಿಕೊಳ್ಳುವಂತಿತ್ತು. ಹೌದು ಅನ್ನು ಎಂದು ಬೇಡುವಂತಿತ್ತು. ಅವಳು ಕೈಚೀಲವನ್ನೂ ಕೆಳಗಿಟ್ಟಿರಲಿಲ್ಲ. ಇಲ್ಲ ಎಂದರೆ ಮುಂದಿನ ಪ್ರಶ್ನೆ ಏನೆಂದು ಇಬ್ಬರಿಗೂ ಗೊತ್ತಿತ್ತು.

"ಹೌದು," ಎಂದಳು ರೋಸ್ವಿಟಾ. "ನಾನೇ ಆರಿಸಿದೆ."

ಅಂದಿನಿಂದ ಮಾತು ನಿಂತಿತು. ಲೋಟಾರ್ ಕುಂಪೆಲನನ್ನು ತೋಟದಲ್ಲಿ ಕರ್ರಂಟ್ ಹಣ್ಣಿನ ಗಿಡದ ಬುಡದಲ್ಲಿ ಹೂತುಬಂದ. ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು ಹೇಗೋ ಜೀವ ಹಿಡಿದುಕೊಂಡಿದ್ದವು. ಅವಕ್ಕಾಗಿ ನೀರು ಬದಲಾಯಿಸಿದ, ಸತ್ತ ಹವಳವನ್ನೆಲ್ಲ ಬಾಚಿ ತೆಗೆದ. ಆಮೇಲೆ ಅಂಗಡಿಗೆ ಹೋಗಿ ಒಂದು ಬೀಗ ತಂದು ಬೀರುವಿಗೆ ಜಡಿದ. ಬೀಗದ ಕೈ ಅವನ ಪ್ಯಾಂಟಿನ ಜೇಬಿನಲ್ಲಿ. ನಲವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ ಮೇಲೆ ಹೆಂಡತಿಯ ಕೈಗೆ ಹಾಕಿದ ಬೀಗ ಅದು. ಅವಳಿಗೆ ಅಳು ಬಂತು, ಬಟ್ಟೆ ಒಗೆಯುವ ನೆಲಮಾಳಿಗೆಗೆ ಹೋಗಿ ಅತ್ತಳು.

ಸುದ್ದಿ ಸಂಘಕ್ಕೂ ಮುಟ್ಟಿತು. ಬ್ರೆಡ್ಡಿನ ಅಂಗಡಿಯಲ್ಲಿ ಸಂಘದವರೊಬ್ಬರ ಹೆಂಡತಿ ಅವಳನ್ನು ಕಂಡು ಬನ್ನುಗಳ ಕಡೆ ಮುಖ ತಿರುಗಿಸಿದಳು. ನಾಲ್ಕು ಕಾಸಿಗಾಗಿ ಗಂಡನ ಸಮುದ್ರವನ್ನೇ ಕೊಂದವಳು ಎನ್ನುವ ಮಾತು ಬೆನ್ನ ಹಿಂದೆ ಓಡಾಡುತ್ತಿತ್ತು. ರೋಸ್ವಿಟಾ ಬನ್ನು ಕೊಂಡು, ತಲೆ ನೆಟ್ಟಗಿಟ್ಟುಕೊಂಡು ಮನೆಗೆ ಬಂದಳು.

ಸಂಘದ ಕುನೋ ಲೋಟಾರನ ಹಳೆಯ ಗೆಳೆಯ, ಅವನೂ ಗಣಿಯವನೇ. ಶುಕ್ರವಾರ ಬೆಳಿಗ್ಗೆ ನೀರು ಪರೀಕ್ಷಿಸಲು ಬಂದ. ಆ ಸಂಘದಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ನಿನ್ನ ತೊಟ್ಟಿಯಲ್ಲಿ ಹವಳ ಚೆನ್ನಾಗಿ ಬೆಳೆದರೆ ಒಂದು ತುಂಡು ಮುರಿದು ಇನ್ನೊಬ್ಬನಿಗೆ ಕೊಡಬೇಕು, ದುಡ್ಡು ತೆಗೆದುಕೊಳ್ಳಬಾರದು. ನಿನ್ನದು ಸತ್ತ ದಿನ ಅವನು ಅದರಿಂದ ಒಂದು ತುಂಡು ತಂದು ಹಿಂದಿರುಗಿಸಬೇಕು. ಲೋಟಾರ್ ಕೊಟ್ಟಷ್ಟು ತುಂಡುಗಳನ್ನು ಯಾರೂ ಕೊಟ್ಟಿರಲಿಲ್ಲ. ಸತ್ತದ್ದೆಲ್ಲ ನಮ್ಮ ಮನೆಗಳಲ್ಲಿ ಬದುಕಿದೆ ಎಂದ ಕುನೋ. ನಾಳೆ ನಾಲ್ವರು ಪೆಟ್ಟಿಗೆ ಹೊತ್ತು ಬರುತ್ತೇವೆ, ಬೇಸಿಗೆಯ ಹೊತ್ತಿಗೆ ತೊಟ್ಟಿ ಮೊದಲಿನ ಹಾಗೆ ಆಗುತ್ತದೆ ಎಂದೂ ಸೇರಿಸಿದ. ಲೋಟಾರನ ಮುಖ ಎಷ್ಟೋ ದಿನದ ಮೇಲೆ ಅರಳಿತು. ಅವನು ಬಂಡೆಗಳನ್ನು ಎಲ್ಲೆಲ್ಲಿ ಇಡಬೇಕೆಂದು ಕೈ ಆಡಿಸಿ ತೋರಿಸುತ್ತಿದ್ದ.

ಹೋಗುವಾಗ ಕುನೋ ಬಾಗಿಲ ಬಳಿ ದನಿ ತಗ್ಗಿಸಿದ. "ನೀನು ಆರಿಸಿದ್ದು ಅಂತಾನಲ್ಲ, ರೋಸ್ವಿಟಾ. ನಂಗೆ ನಂಬೋಕೆ ಆಗ್ತಿಲ್ಲ."

ಹೇಳಿಬಿಡಲೇ ಎಂದು ಅವಳಿಗೆ ಅನ್ನಿಸಿತು. ಗಂಡನಿಗೆ ಹೇಳದ್ದನ್ನು ಗಂಡನ ಗೆಳೆಯನಿಗೆ ಹೇಳುವುದು ಸರಿಯಲ್ಲ ಎಂದೂ ಅನ್ನಿಸಿತು. ನಾಳೆ ಹುಷಾರಾಗಿ ಬನ್ನಿ ಎಂದು ಬಾಗಿಲು ಹಾಕಿಕೊಂಡಳು. ಹಾಕಿಕೊಂಡು ಅಲ್ಲೇ ಗೋಡೆಗೆ ಒರಗಿದಳು. ನಾಳೆ ತೊಟ್ಟಿ ತುಂಬುತ್ತದೆ. ಬೀರುವಿಗೆ ಬೀಗ. ಅವನು ಮರೆಯುತ್ತಾನೆ, ಖಂಡಿತ ಮರೆಯುತ್ತಾನೆ, ಈ ಸಲ ಅವಳು ಕದ್ದು ಗುಂಡಿ ಒತ್ತುವಂತಿಲ್ಲ. ಊರವರೆಲ್ಲ ತಂದುಕೊಟ್ಟದ್ದು ಅವರೆಲ್ಲರ ಕಣ್ಣೆದುರಿಗೇ ಸಾಯುತ್ತದೆ. ಬೀಗ ಹಾಕಿದ ಬೀರುವಿಗೆ ಹೆಂಡತಿಯನ್ನು ದೂರುವುದಕ್ಕೂ ಆಗುವುದಿಲ್ಲ. ಅವನು ಒಬ್ಬನೇ, ಎಲ್ಲರ ಮುಂದೆ, ಸಿಕ್ಕಿಬೀಳುತ್ತಾನೆ. ಹೇಳುವುದಿದ್ದರೆ ಇವತ್ತೇ ಹೇಳಬೇಕು.

ಮಧ್ಯಾಹ್ನದ ಕಾಫಿಗೆ ಅವಳು ಅವನಿಗಿಷ್ಟವಾದ ಗಸಗಸೆ ಕೇಕು ಕೊಯ್ದಿಟ್ಟಳು. ಲೋಟಾರ್ ಎರಡು ಮೀನಿಗೆ ಆಹಾರ ಹಾಕಿ, ಕೈ ತೊಳೆದು ಬಂದು ಕುಳಿತ. ನಾಳೆಯ ಸಂತೋಷದಲ್ಲಿ ಅವಳ ಮೇಲಿನ ಮುನಿಸೂ ಒಂದಿಷ್ಟು ಕರಗಿತ್ತು, ಕೇಕು ಚೆನ್ನಾಗಿದೆ ಎಂದ. ಅಷ್ಟು ದಿನಗಳಲ್ಲಿ ಅವಳಿಗೆ ಅವನು ಆಡಿದ ಮೊದಲ ಮಾತು. ಅದನ್ನು ಕೇಳಿ ಅವಳಿಗೆ ಮತ್ತೂ ಕಷ್ಟವಾಯಿತು.

"ಲೋಟಾರ್, ಪಂಪು ಆರಿಸಿದ್ದು ನಾನಲ್ಲ."

ಅವನು ಫೋರ್ಕು ಇಟ್ಟ. "ನೀನೇ ಅಂದ್ಯಲ್ಲ."

"ಸುಳ್ಳು ಹೇಳ್ದೆ. ನೀನು ಆರಿಸಿದ್ದು. ಮೀನಿಗೆ ಊಟ ಹಾಕೋಕೆ ಆರಿಸಿದೆ, ಪಂಪು ಮತ್ತೆ ಹಾಕೋಕೆ ಮರೆತೆ."

"ನಾನು ಮರೆಯಲ್ಲ," ಎಂದ ಲೋಟಾರ್. ಪಂಪಿನವನು ಪಂಪು ಮರೆತರೆ ಊರು ಮುಳುಗುತ್ತದೆ, ಮೂವತ್ತೆಂಟು ವರ್ಷ ತಾನು ಮರೆತಿಲ್ಲ, ಬಿಲ್ಲಿನ ಪಿಶಾಚಿ ಹಿಡಿದು ನೀನು ಮಾಡಿದ ಪಾಪವನ್ನು ನನ್ನ ತಲೆಗೆ ಕಟ್ಟಬೇಡ ಎಂದ. ಅವಳ ಅಕ್ಕನನ್ನೂ ಎಳೆದು ತಂದ, ಅವಳ ಅಮ್ಮನನ್ನೂ ಬಿಡಲಿಲ್ಲ. ರೋಸ್ವಿಟಾ ಅವನು ಮುಗಿಸುವ ತನಕ ಕಾದಳು.

"ಅಕ್ಟೋಬರಿಂದ ಮರೀತಿದೀಯ," ಎಂದಳು. "ನಾನು ಹಿಂದಿನಿಂದ ಬಂದು ಹಾಕ್ತಿದ್ದೆ. ನಿಂಗೆ ಹೇಳೋಕೆ ಭಯ ಆಯ್ತು. ಬಿಲ್ಲು ಗಿಲ್ಲು ಎಲ್ಲ ಬರೀ ನೆಪ ಕಣೋ. ನೀನಾಗೇ ಬಿಟ್ಬಿಟ್ರೆ ಗೊತ್ತಾಗದೆ ಹೋಗುತ್ತೆ ಅನ್ಕೊಂಡೆ."

"ಸುಳ್ಳು."

"ಈಗ ಕೇಳು."

"ಏನು ಕೇಳ್ಬೇಕು?"

"ಸುಮ್ನೆ ಕೂತು ಕೇಳು."

ಇಬ್ಬರೂ ಕೇಳಿದರು. ಅಡುಗೆಮನೆಯ ಫ್ರಿಜ್ಜು ಸದ್ದು ಮಾಡುತ್ತಿತ್ತು. ಹೊರಗೆ ಟ್ರಾಮು ತಿರುವು ತೆಗೆದುಕೊಂಡು ಕಿರುಗುಟ್ಟಿತು. ಹಜಾರದಿಂದ ಏನೂ ಬರಲಿಲ್ಲ. ಲೋಟಾರನ ಕೈ ತಾನಾಗಿಯೇ ಜೇಬಿಗೆ ಹೋಯಿತು, ಬೀಗದ ಕೈ ಅಲ್ಲೇ ಇತ್ತು.

ಅವನು ಎದ್ದು ಹೋದ. ಬೀಗದ ಕೈ ತೂತಿಗೆ ಸೇರದೆ ತಡಕಾಡುವುದು ಅವಳಿಗೆ ಕೇಳಿಸಿತು. ಆಮೇಲೆ ಗುಂಯ್ ಎಂದಿತು. ಅವಳು ಹೋಗಿ ನೋಡಿದಾಗ ಅವನು ಬೀರುವಿನ ಮುಂದೆ ಮಂಡಿಯೂರಿದ್ದ. ಬೆನ್ನು ಅವಳ ಕಡೆಗಿತ್ತು. ಭುಜ ಅಲುಗುತ್ತಿತ್ತು. ಅವಳು ಅವನ ಮೈ ಮುಟ್ಟಲಿಲ್ಲ, ಮುಟ್ಟಬೇಕೆಂದು ತುಂಬ ಅನ್ನಿಸಿದರೂ. ಸೋಫಾದ ತುದಿಯಲ್ಲಿ ಕುಳಿತು ಕಾದಳು. ತೊಟ್ಟಿಯೊಳಗೆ ಎರಡು ಕಿತ್ತಳೆ ಮೀನು ಏನೂ ಆಗದಂತೆ ತಿರುಗುತ್ತಿದ್ದವು.

"ನಿನ್ನನ್ನ ಊರವರೆಲ್ಲ ಬೈತಿದ್ರು," ಎಂದ ಲೋಟಾರ್ ತಿರುಗದೆಯೇ.

"ಬೈಲಿ ಬಿಡು."

"ಬೀಗ ಬೇರೆ ಹಾಕ್ದೆ."

ಲೋಟಾರ್ ಮೊಳೆಯಿಂದ ಬಿಲ್ಲೆ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು, ಹೆಬ್ಬೆರಳಿನಿಂದ ಅದರ ಸಂಖ್ಯೆಯನ್ನು ಉಜ್ಜುತ್ತಿದ್ದ.

ಮರುದಿನ ಕುನೋ ಮತ್ತು ಸಂಘದ ಮೂವರು ಬಂದರು. ಕೈಯಲ್ಲಿ ದಪ್ಪ ಪೆಟ್ಟಿಗೆಗಳು, ಪೆಟ್ಟಿಗೆಯಲ್ಲಿ ನೀರು ತುಂಬಿದ ಚೀಲ, ಒಂದೊಂದು ಚೀಲದಲ್ಲಿ ಒಂದೊಂದು ತುಂಡು ಹವಳ. ಹಸಿ ಹಂದಿಮಾಂಸಕ್ಕೆ ಈರುಳ್ಳಿ ಹಾಕಿದ ಬನ್ನುಗಳನ್ನೂ ತಂದಿದ್ದರು, ಹಬ್ಬಕ್ಕೆ ಬಂದವರ ಹಾಗೆ. ಲೋಟಾರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲೇ ನಿಂತಿದ್ದ. ಅವನೇನು ಹೇಳಲಿದ್ದಾನೆ ಎಂದು ರೋಸ್ವಿಟಾಗೂ ಗೊತ್ತಿರಲಿಲ್ಲ. ನಿನ್ನೆಯಿಂದ ಅವನು ಅದರ ಮಾತೆತ್ತಿರಲಿಲ್ಲ.

"ಪೆಟ್ಟಿಗೆ ಒಳಗೆ ತರಬೇಡಿ," ಎಂದ. "ಮೊದ್ಲು ಒಂದು ಮಾತು ಕೇಳಿ. ಪಂಪು ಆರಿಸಿದ್ದು ರೋಸ್ವಿಟಾ ಅಲ್ಲ. ನಾನು. ಆರಿಸಿ ಮರೆತೆ. ಇದೊಂದೇ ಸಲ ಅಲ್ಲ, ಸುಮಾರು ಸಲ. ಅವಳು ಕಾಪಾಡ್ಕೊಂಡು ಬಂದಿದ್ದಾಳೆ. ನಿಮ್ಮ ಮನೆ ಹೆಂಗಸರಿಗೂ ಇದನ್ನ ಹೇಳಿ."

ಒಬ್ಬ, ನಮಗೂ ಆಗಿದೆ ಮಾರಾಯ, ಯಾರಿಗೆ ಆಗಿಲ್ಲ ಎಂದು ನಗಲು ನೋಡಿದ. ಯಾರೂ ಜೊತೆಗೂಡಲಿಲ್ಲ.

"ಅದಲ್ಲ ಇದು," ಎಂದ ಲೋಟಾರ್. ತನ್ನ ಹಣೆಯನ್ನು ಒಂದು ಬೆರಳಿನಿಂದ ತಟ್ಟಿದ. "ಇಲ್ಲಿ ಕೆಳಗಡೆಯಿಂದ ನೀರು ಏರ್ತಾ ಇದೆ. ಸೋಮವಾರ ಡಾಕ್ಟರ ಹತ್ರ ಹೋಗ್ತಿದೀನಿ. ಅವರು ಏನು ಹೇಳ್ತಾರೋ ನಂಗೊತ್ತು. ಆ ಎರಡು ಮೀನು, ಬಂಡೆ, ದೀಪ, ಪಂಪು, ಎಲ್ಲ ತಗೊಂಡು ಹೋಗಿ."

ಆಗ ರೋಸ್ವಿಟಾ ಅಡ್ಡ ಬಂದಳು. ಮೂವತ್ತು ವರ್ಷ ಯಾವುದು ಮನೆಯಿಂದ ತೊಲಗಲಿ ಎಂದು ಹಾರೈಸಿದ್ದಳೋ ಅದು ತೊಲಗುವ ಹೊತ್ತಿಗೆ ಅವಳಿಗೆ ತಡೆಯಲಾಗಲಿಲ್ಲ. ಪೆಟ್ಟಿಗೆಗಳನ್ನು ನೋಡಿದಳು, ಚೀಲದೊಳಗಿನ ನೇರಳೆ ತುಂಡನ್ನು ನೋಡಿದಳು. ಅದು ಲೋಟಾರ್ ತಮ್ಮ ಮದುವೆಯ ಬೆಳ್ಳಿಹಬ್ಬದ ವರ್ಷ ತಂದು ಬೆಳೆಸಿದ ಹವಳದ ತುಂಡು, ಅವಳಿಗೂ ಗುರುತು ಸಿಕ್ಕಿತು.

"ಇರ್ಲಿ ಲೋಟಾರ್," ಎಂದಳು. "ಕರೆಂಟ್ ಹಾಳಾಗಿ ಹೋಗ್ಲಿ. ಪಂಪು ನಾನು ನೋಡ್ಕೋತೀನಿ. ಆರು ತಿಂಗಳು ನೋಡ್ಕೊಂಡಿಲ್ವಾ?"

ಲೋಟಾರ್ ಅವಳ ಕಡೆ ತಿರುಗಿದ. ಬಾಗಿಲಲ್ಲಿ ನಾಲ್ವರು ಪೆಟ್ಟಿಗೆ ಹಿಡಿದು ನಿಂತಿದ್ದಾರೆ ಎನ್ನುವುದನ್ನು ಮರೆತವನಂತೆ ಅವಳೊಬ್ಬಳಿಗೇ ಹೇಳಿದ.

"ಇನ್ಮೇಲೆ ನೀನು ಎರಡು ಪಂಪು ನೋಡ್ಕೋಬೇಕಾಗುತ್ತೆ. ಒಂದನ್ನಾದ್ರೂ ಇವರು ತಗೊಂಡು ಹೋಗ್ಲಿ."

ಅವಳು ದಾರಿ ಬಿಟ್ಟಳು.

ಸಂಜೆಯ ಹೊತ್ತಿಗೆ ತೊಟ್ಟಿ ಬರಿದಾಯಿತು. ಕೊನೆಯ ಸಲ ಪಂಪನ್ನು ಲೋಟಾರನೇ ಆರಿಸಿದ. ಸದ್ದು ನಿಂತಾಗ ನಾಲ್ವರೂ ಕೈಯಲ್ಲಿದ್ದ ಕೊಳವೆ, ಬಕೆಟ್ಟು ಹಿಡಿದುಕೊಂಡೇ ನಿಂತರು, ಹಿಂದೆ ಗಣಿಯಲ್ಲಿ ಯಾರಾದರೂ ಸತ್ತರೆ ನಿಲ್ಲುತ್ತಿದ್ದ ಹಾಗೆ. ಹೊರಡುವಾಗ ಕುನೋ ಗೆಳೆಯನ ಕೈ ಹಿಡಿದು ಗಣಿಯವರು ಇಳಿಯುವಾಗಲೂ ಏರುವಾಗಲೂ ಹೇಳುವ ಮಾತು ಹೇಳಿದ, ಗ್ಲೂಕ್ ಆಫ್. ಸುಖವಾಗಿ ಮೇಲೆ ಬಾ ಎಂದು ಅದರರ್ಥ. ಲೋಟಾರ್ ತಲೆಯಾಡಿಸಿದ.

ಎಲ್ಲರೂ ಹೋದ ಮೇಲೆ ಅವನು ಅಡುಗೆಮನೆಗೆ ಬಂದು ಬಿಲ್ಲೆಯನ್ನು ರೋಸ್ವಿಟಾಳ ಅಂಗೈಯಲ್ಲಿ ಇಟ್ಟು ಅವಳ ಬೆರಳು ಮಡಿಸಿದ. ಹಿತ್ತಾಳೆ ಬೆಚ್ಚಗಿತ್ತು.

"ಗಣಿಯ ಕೆಳಗೆ ಒಬ್ಬನ ಪಂಪನ್ನ ಇನ್ನೊಬ್ಬ ಕದ್ದು ಹಾಕ್ತಿರಲಿಲ್ಲ," ಎಂದ. "ನೀನೂ ಹಾಕ್ಬೇಡ. ನಾನು ಏನು ಮರೆತ್ರೂ ಕರೆದು ತೋರಿಸು. ತಿಳಿಯೋ ತನಕ ತೋರಿಸು. ತಿಳಿದ ಮೇಲೆ ಬಿಲ್ಲೆ ಕೊಡು, ಮೇಲೆ ಬಂದೆ ಅಂತ ನಾನೇ ಕೊಕ್ಕೆಗೆ ಸಿಕ್ಕಿಸ್ತೀನಿ."

"ತಿಳೀದೆ ಹೋದ ದಿನ?"

"ಅವತ್ತು ಬಿಲ್ಲೆ ನಿನ್ನ ಹತ್ರಾನೇ ಇರುತ್ತೆ. ನಾನು ಮೇಲೆ ಬಂದಿಲ್ಲ ಅಂತ ತಿಳ್ಕೊ."

ಅವಳು ಒಲೆಯ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆದು ಬಿಲ್ಲೆಯನ್ನು ಅದಕ್ಕೆ ಸಿಕ್ಕಿಸಿದಳು. ಡಾಕ್ಟರು ಸೋಮವಾರ ಹೇಳಿದ್ದು ಲೋಟಾರ್ ಹೇಳಿದ್ದನ್ನೇ, ಒಂದು ಉದ್ದನೆಯ ಹೆಸರು ಸೇರಿಸಿ.

ಹಜಾರದ ಗೋಡೆಯಲ್ಲಿ ತೊಟ್ಟಿ ಇದ್ದ ಕಡೆ ಗೋಡೆಗೆ ಅಂಟಿಸಿದ ಕಾಗದದ ಬಣ್ಣ ಹೊಸದಾಗಿಯೇ ಉಳಿದಿತ್ತು. ಮನೆ ಎಷ್ಟು ಸುಮ್ಮನಿತ್ತೆಂದರೆ ಮೊದಮೊದಲು ರೋಸ್ವಿಟಾ ಕೆಲಸದ ನಡುವೆ ಬೆಚ್ಚಿ ಏಳುತ್ತಿದ್ದಳು. ಒಂದು ಬೆಳಿಗ್ಗೆ ಹಾಸಿಗೆ ಸರಿಮಾಡಿ ಅಡುಗೆಮನೆಗೆ ಬಂದರೆ ಸೀದ ವಾಸನೆ. ಒಲೆ ಕೆಂಪಗೆ ಕಾದಿತ್ತು, ಅದರ ಮೇಲೆ ಮೊಟ್ಟೆಯ ಪಾತ್ರೆ, ನೀರೆಲ್ಲ ಆರಿ ಮೊಟ್ಟೆ ಒಡೆದು ಕಪ್ಪಗಾಗಿತ್ತು. ಲೋಟಾರ್ ಹಜಾರದಲ್ಲಿ ಪೇಪರು ಓದುತ್ತಿದ್ದ. ಅವಳ ಕೈ ಒಲೆಯ ತಿರುಗಣೆಯ ಕಡೆ ಚಾಚಿತು. ಆರಿಸಿ, ಪಾತ್ರೆ ತೊಳೆದು, ಕಿಟಕಿ ತೆರೆದರೆ ಮುಗಿಯಿತು, ಅವನಿಗೆ ಗೊತ್ತೇ ಆಗದು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಲೋಟಾರ್," ಎಂದು ಕರೆದಳು. "ಇಲ್ಲಿ ಬಾ."

ಅವನು ಬಂದು ಬಾಗಿಲಲ್ಲಿ ನಿಂತ. ಪಾತ್ರೆಯನ್ನು ನೋಡಿದ, ಅವಳ ಮುಖ ನೋಡಿದ, ಮತ್ತೆ ಪಾತ್ರೆ ನೋಡಿದ. ಹೊಗೆಗೆ ಅವಳ ಕಣ್ಣಲ್ಲಿ ನೀರು ಬಂತು. ಅವಳು ಕಾದಳು. ಕೊನೆಗೆ ಅವನು ಮುಂದೆ ಬಂದು ಒಲೆ ಆರಿಸಿದ.

"ನಾನೇ ಇಟ್ಟಿದ್ದು," ಎಂದ.

ರೋಸ್ವಿಟಾ ಮೊಳೆಯಿಂದ ಬಿಲ್ಲೆ ತೆಗೆದು ಅವನ ಕೈಗೆ ಕೊಟ್ಟಳು. ಅವನು ಅದರ ಸಂಖ್ಯೆಯನ್ನು ಮೆಲ್ಲಗೆ ಓದಿ, ಕೈ ಎತ್ತಿ ತಾನೇ ಮತ್ತೆ ಮೊಳೆಗೆ ಹಾಕಿದ.